ನೀರಿಲ್ಲದ ದಿನದ ಲೆಕ್ಕ

ಶನಿವಾರ ಬೆಳಿಗ್ಗೆ ವಾಟರ್‌ಮನ್ ಸಿದ್ದರಾಜು ಮಂಜುಶ್ರೀ ಮನೆಯ ಬಾಗಿಲ ಹೊರಗೇ ನಿಂತಿದ್ದ. ಒಳಗೆ ಬಾ ಎಂದರೂ ಬರಲಿಲ್ಲ.

"ಮೇಡಂ, ಹನ್ನೊಂದು ವರ್ಷದಿಂದ ಈ ಅಪಾರ್ಟ್‌ಮೆಂಟಿಗೆ ನೀರು ಬಿಡ್ತಿದ್ದೀನಿ. ಒಂದು ಬಿಂದಿಗೆ ಹೊರಗೆ ಕೊಟ್ಟಿದ್ರೆ ನನ್ನ ಕೈ ಸೇದೋಗ್ಲಿ. ಕೆಲ್ಸ ಹೋದ್ರೆ ಪಂಪ್‌ರೂಮಿನ ಮೇಲಿನ ಮನೇನೂ ಹೋಗ್ತದೆ. ಹೆಂಡ್ತೀನ ಕರ್ಕೊಂಡು ಎಲ್ಲಿಗೆ ಹೋಗ್ಲಿ?"

ಸಂಘದ ಕಾರ್ಯದರ್ಶಿಯಾದ ತಪ್ಪಿಗೆ, ಅವನನ್ನು ತೆಗೆದುಹಾಕುವ ಪತ್ರಕ್ಕೆ ಭಾನುವಾರದ ಸಭೆಯಲ್ಲಿ ಮಂಜುಶ್ರೀಯೇ ಸಹಿ ಹಾಕಬೇಕಿತ್ತು.

ಬೊಮ್ಮಸಂದ್ರದ ಆ ನಲವತ್ತು ಮನೆಗಳಿಗೆ ಏಪ್ರಿಲ್ ಬಂತೆಂದರೆ ಬೋರ್‌ವೆಲ್‌ನದೇ ಚಿಂತೆ. ಈ ಸಲ 402ರ ಈರೇಶ್ ಕಂಪ್ಯೂಟರಿನಲ್ಲಿ ಒಂದು ಸಿಮ್ಯುಲೇಷನ್ ಮಾಡಿಕೊಟ್ಟಿದ್ದ. ಮಕ್ಕಳಿರುವ ಮನೆ, ನೆಂಟರು ಬರುವ ಮನೆ, ದಿನವೂ ಬಟ್ಟೆ ಒಗೆಯುವ ಮನೆ, ಯಾವುದಕ್ಕೆ ಯಾವ ದಿನ ಎಷ್ಟು ನೀರು ಬೇಕಾದೀತು ಎಂದು ಅದು ಮೊದಲೇ ಅಂದಾಜು ಹೇಳುತ್ತಿತ್ತು. ಅದನ್ನೇ ನಂಬಿ ಸಂಘ ಮಿತಿ ಹಾಕಿತು. ಮಿತಿ ಮೀರಿದ ಮನೆಯ ವಾಲ್ವ್ ಮರುದಿನ ಬಂದ್.

ಮನೆಮನೆಯ ಮೀಟರಿನ ಅಂಕಿ ನೇರವಾಗಿ ಈರೇಶನ ಕಂಪ್ಯೂಟರಿಗೆ ಹೋಗುತ್ತಿತ್ತು. ಟ್ಯಾಂಕಿನಿಂದ ಹೊರಟ ನೀರನ್ನು ಸಿದ್ದರಾಜು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ. ಅಧ್ಯಕ್ಷ ಶಶಿಕುಮಾರ್ ಎರಡನ್ನೂ ತಾಳೆ ಹಾಕಿದರೆ, ಪ್ರತಿ ಸೋಮವಾರ, ಬುಧವಾರ, ಶುಕ್ರವಾರ ನಾನೂರು ಲೀಟರಿನಷ್ಟು ನಾಪತ್ತೆ! ಹುಡುಕಿದಾಗ ಪಂಪ್‌ರೂಮಿನಲ್ಲಿ ನೀರು ತುಂಬಿಟ್ಟ ಆರು ಬಿಳಿ ಕ್ಯಾನ್ ಸಿಕ್ಕವು. ಬಡವನ ಮೇಲೆ ಗೂಬೆ ಕೂರಿಸಲು ಇನ್ನೇನು ಬೇಕು?

ಮಂಜುಶ್ರೀ ಸಿದ್ದರಾಜುವನ್ನು ಕರೆದುಕೊಂಡು ನೆಲಮಹಡಿಯ ಹನುಮಂತರಾಯಪ್ಪನವರ ಮನೆಗೆ ಹೋದಳು. ಹಿಂದೆ ಆ ಊರಿನ ಕೆರೆಗೆ ನೀರುಗಂಟಿಯಾಗಿದ್ದವರು ಅವರು; ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ನೀರೆಂದು ಹಂಚುತ್ತಿದ್ದವರು. ಕೆರೆ ಹೋಯಿತು, ಜಮೀನಿಗೆ ಬದಲಾಗಿ ಈ ಮನೆ ಬಂತು. ಲಿಫ್ಟಿನಲ್ಲಿ ಕಳೆದ ಓಲೆಯಿಂದ ಹಿಡಿದು ಸುಳ್ಳು ಬಾಡಿಗೆ ಚೀಟಿಯವರೆಗೆ ಅವರು ಪತ್ತೆ ಮಾಡದ್ದಿರಲಿಲ್ಲ, ಪ್ರತಿ ಸಲವೂ ಮಂಜುಶ್ರೀ ಜೊತೆಗಿದ್ದಳು.

"ಕದಿಯೋನು ಕದ್ದಿದ್ನ ತಾನೇ ಬುಕ್ಕಲ್ಲಿ ಬರ್ಕೊಂತಾನೇನವ್ವ?" ಎಂದು ಅವರು ನಕ್ಕರು. "ಆ ಕ್ಯಾನ್ ಒಂದು ತತ್ತಾರೋ."

ಸಿದ್ದರಾಜು ತಂದ ಕ್ಯಾನಿನ ಮುಚ್ಚಳ ತೆಗೆದು ಮೂಸಿದರು. ಸಣ್ಣಗೆ ಹುಳಿ ವಾಸನೆ. ಮುದುಕರ ಮುಖದ ನಗು ಮಾಯವಾಯಿತು. ಯಾಕೋ ಗೋಡೆಯ ಮೇಲಿದ್ದ, ತೀರಿಹೋದ ಹೆಂಡತಿ ಕೃಷ್ಣಮ್ಮನ ಫೋಟೋ ಕಡೆ ನೋಡಿದರು.

"ಇವು ಎಲ್ಲಿಂದ ಬಂದೋ?"

"402ರ ಸಾರ್ ಬಿಸಾಕ್ತಿದ್ರು. ನೀರು ಹಿಡಿದಿಡಕ್ಕಾಗ್ತದೆ ಅಂತ ಕೇಳಿ ಇಸ್ಕೊಂಡೆ."

ಕರೆದಾಗ ಈರೇಶ್ ಲೆಕ್ಕದ ಪಟ್ಟಿ ಹಿಡಿದು ಬಂದ. ಸುಡುವ ಬಿಸಿಲಿನಲ್ಲೂ ತುಂಬುತೋಳಿನ ಶರ್ಟು. ಮಂಜುಶ್ರೀ ಕೊಟ್ಟ ನೀರಿನಲ್ಲಿ ತುಟಿ ಒದ್ದೆ ಮಾಡಿಕೊಂಡು ಲೋಟ ಕೆಳಗಿಟ್ಟ.

"ಆಫೀಸಿಗೆ ದಿನಾ ಓಯ್ತೀಯೇನಪ್ಪ?" ಎಂದು ಹನುಮಂತರಾಯಪ್ಪ ಕೇಳಿದರು.

"ಇಲ್ರೀ ಅಜ್ಜಾರ. ಸೋಮವಾರ, ಬುಧವಾರ, ಶುಕ್ರವಾರ ಮನ್ಯಾಗ ಕೆಲಸ ಮಾಡ್ತೀನ್ರಿ" ಎಂದವನೇ ಪಟ್ಟಿ ಅಲ್ಲೇ ಇಟ್ಟು ಎದ್ದು ಹೋದ.

"ಮೋಟ್ರು ಸುಟ್ಟೋಗಿ ಯಾರಿಗೂ ತೊಟ್ಟು ನೀರಿಲ್ದಂಗಾಗಿದ್ದು ಯಾವತ್ತವ್ವ?"

"ಹದಿನಾಲ್ಕು, ಮಂಗಳವಾರ, ತಾತ."

"ಅವತ್ತಿನ ಲೆಕ್ಕ ಓದು."

ಅವಳು ಓದಿದಳು. ಸೊನ್ನೆ, ಸೊನ್ನೆ, ಸೊನ್ನೆ. 402ಕ್ಕೆ ಬಂದಾಗ ಬೆರಳಿಟ್ಟು ಮತ್ತೊಮ್ಮೆ ನೋಡಿದಳು. ಮುನ್ನೂರ ನಲವತ್ತೆರಡು ಲೀಟರ್.

ಭಾನುವಾರ ಹನ್ನೊಂದಕ್ಕೆ ಕ್ಲಬ್‌ಹೌಸಿನಲ್ಲಿ ಎಲ್ಲರೂ ಸೇರಿದರು. ಶಶಿಕುಮಾರ್ ಪತ್ರವನ್ನೂ ಪೆನ್ನನ್ನೂ ಮಂಜುಶ್ರೀ ಮುಂದೆ ಸರಿಸಿದರು. ಈರೇಶನ ಕಂಪನಿಯಲ್ಲಿ ಅವನಿಗೆ ಮೇಲಧಿಕಾರಿ ಇದೇ ಶಶಿಕುಮಾರ್.

ಹನುಮಂತರಾಯಪ್ಪ ಎದ್ದು ನಿಂತರು. "ನೀರು ಕದ್ದೋನ್ನ ನಾವು ಇಡೀತಿದ್ದಿದ್ದು ಇಂಗೆ. ತೂಬು ಮುಚ್ಚಿದ ದಿನ ಬದಿನ ಮೇಲೆ ನಡೀತಿದ್ವಿ. ಯಾರ ಗದ್ದೆ ಒದ್ದೆ ಐತೋ ಅವನೇ. ಹದಿನಾಲ್ಕನೇ ತಾರೀಕು ಇಡೀ ಅಪಾರ್ಟ್‌ಮೆಂಟು ಒಣಗಿತ್ತು, ಒಂದು ಮನೆ ಮಾತ್ರ ಒದ್ದೆ. ಅಂದ್ರೆ ಆ ಅಂಕಿ ಮೀಟ್ರು ಕೊಟ್ಟಿದ್ದಲ್ಲ, ಕಂಪ್ಯೂಟ್ರು ಅಂದಾಜಲ್ಲಿ ತುಂಬಿದ್ದು. ಮೋಟ್ರು ಸುಟ್ಟಿದ್ದು ಅದಕ್ಕೇನು ಗೊತ್ತು? ನಿಜವಾದ ಅಂಕಿ ಬಚ್ಚಿಟ್ಟು, ಆ ಮನೆಗೆ ಅಂದಾಜನ್ನೇ ಹಾಕ್ತಾ ಬಂದವ್ರೆ. ವಾರಕ್ಕೆ ಮೂರು ದಿನ ಕಾಣೆಯಾದ ನೀರು ಅಲ್ಲೇ ಓಗಿರೋದು. ಸಿದ್ದರಾಜು ಬರೆದಿದ್ದು ನಿಜ. ಆ ಕ್ಯಾನೂ ಆ ಮನೇವೇ. ಅದರ ಹುಳಿ ವಾಸನೆ ನನಗೆ ಗೊತ್ತು. ನಮ್ಮ ಕೃಷ್ಣಮ್ಮನಿಗೆ ಲೋಟದಲ್ಲಿ ಅಳೆದು ನೀರು ಕೊಡ್ತಿದ್ದೋನು ನಾನು..." ಎಂದವರು ತಡೆದರು. "ಮುಂದಿಂದು ನನ್ನ ಬಾಯಲ್ಲಿ ಬ್ಯಾಡ."

ಈರೇಶ್ ಎದ್ದು ಎಡತೋಳಿನ ಗುಂಡಿ ಬಿಚ್ಚಿದ. ರಕ್ತನಾಳ ಹಗ್ಗದ ಹಾಗೆ ಉಬ್ಬಿತ್ತು, ಮೇಲೆಲ್ಲಾ ಸೂಜಿಯ ಗುರುತು.

"ಎರಡೂ ಕಿಡ್ನಿ ಹೋಗ್ಯಾವ್ರಿ. ಮನ್ಯಾಗ ಡಯಾಲಿಸಿಸ್ ಮಾಡಿಸ್ಕೋತೀನಿ, ಆ ಕ್ಯಾನಿನ್ಯಾಗ ಬರೋದು ಅದರ ಔಷಧಾನ, ಆ ಮಷೀನಿಗೆ ಅಷ್ಟು ನೀರು ಬೇಕಾಗ್ತದ. ಮಿತಿ ಮೀರಿದ್ರ ಎಲ್ಲಾರೂ ಯಾಕಂತ ಕೇಳ್ತಿದ್ರಿ. ಆಫೀಸಿಗೆ ಗೊತ್ತಾದ್ರ ಕೆಲಸ ಹೋಗ್ತದ, ಕೆಲಸದ ಜೊತಿಗೆ ಇನ್ಶೂರೆನ್ಸೂ ಹೋಗ್ತದ. ಸಿದ್ದರಾಜು ಹೆಸರು ಬಂದಾಗ ಬಾಯಿ ಬಿಡಬೇಕಿತ್ರೀ. ಬಿಡಲಿಲ್ಲ. ಅದು ನನ್ನ ತಪ್ಪು."

ಮಂಜುಶ್ರೀಗೆ ಅಳು ಒತ್ತರಿಸಿ ಬಂತು. ಇಡೀ ಕಟ್ಟಡದ ನೀರಿಗೆ ಲೆಕ್ಕ ಹಾಕಿದವನು ಒಂದು ಲೋಟ ನೀರನ್ನು ಮನಸಾರೆ ಕುಡಿಯುವ ಹಾಗಿರಲಿಲ್ಲ. ಪತ್ರವನ್ನು ಹರಿದು ಹಾಕಿದಳು. ಒಬ್ಬನನ್ನು ಉಳಿಸಿದ ಸಮಾಧಾನ ಮಾತ್ರ ಹತ್ತಿರವೂ ಸುಳಿಯಲಿಲ್ಲ.

ಶಶಿಕುಮಾರ್ ಗಂಟಲು ಸರಿಪಡಿಸಿಕೊಂಡರು. "ಮಿತಿಯ ವಿಷಯ ಸಂಘ ನೋಡುತ್ತೆ. ಆಫೀಸಿನ ವಿಷಯ... ಸೋಮವಾರ ನನ್ನ ಕ್ಯಾಬಿನ್ನಿಗೆ ಬನ್ನಿ ಈರೇಶ್, ಮಾತಾಡೋಣ."

ಬಾಗಿಲ ಬಳಿ ನಿಂತಿದ್ದ ಸಿದ್ದರಾಜು ಮೆಲ್ಲಗೆ ಹೇಳಿದ, "ಸೋಮವಾರ ಬೇಡ ಸಾರ್. ಅವತ್ತು ಅವರಿಗೆ ನೀರು ಬಿಡಬೇಕು."

ಅವನ ಕೈಯಲ್ಲಿದ್ದ ನೋಟ್‌ಬುಕ್ಕನ್ನು ಮಂಜುಶ್ರೀ ತೆಗೆದುಕೊಂಡು ನೋಡಿದಳು. ಅಂದು ಬೆಳಿಗ್ಗೆ ಟ್ಯಾಂಕಿನಲ್ಲಿ ಉಳಿದಿದ್ದ ನೀರು ಅರ್ಧ ಅಡಿ. ಅದರ ಕೆಳಗೆ ಸಿದ್ದರಾಜುವಿನ ದುಂಡು ಅಕ್ಷರ: ಬೋರ್‌ವೆಲ್‌ನಲ್ಲಿ ಬರೀ ಗಾಳಿ ಬರುತ್ತಿದೆ.