ಪನೀರ್ ಸೋಡಾದಲ್ಲಿ ಏನಿತ್ತು?

“ಕಣ್ಣು ಬಿಟ್ರೆ ಔಟ್!” ಎಂದ ರೇವಂತ್.

ಹೊಸಹಳ್ಳಿಯ ಮನೆಯ ಮೆಟ್ಟಿಲ ಮೇಲೆ ಅವನ ತಂಗಿ ಶರಣ್ಯಾ, ಪಕ್ಕದ ಮನೆಯ ಚೈತ್ರ ಕಣ್ಣಿಗೆ ಕರ್ಚೀಫ್ ಕಟ್ಟಿಕೊಂಡು ಕೂತಿದ್ದರು. ರೇವಂತ್ ಅಂಗಡಿಯಿಂದ ಬಗೆಬಗೆಯ ಸೋಡಾ ತಂದಿದ್ದ. ಕುಡಿದು, ಯಾವುದೆಂದು ಹೇಳಬೇಕು.

ಮೊದಲನೆಯದು ಗಂಟಲಲ್ಲಿ ಚುರ್ರೆಂದಿತು. “ಶುಂಠಿ!” ಇಬ್ಬರೂ ಕೂಗಿದರು.

ಎರಡನೆಯದನ್ನು ಶರಣ್ಯಾ ದ್ರಾಕ್ಷಿ ಎಂದಳು. ಚೈತ್ರ ನೇರಳೆ ಎಂದಳು.

“ದ್ರಾಕ್ಷಿನೇ. ಆದ್ರೆ ಇದ್ರಲ್ಲಿ ಹಣ್ಣೇ ಇಲ್ವಂತೆ. ಬರೀ ಫ್ಲೇವರ್ ಅಂತ ಬರೆದಿದೆ.”

“ಹಣ್ಣಿಲ್ದೆ ಹಣ್ಣಿನ ರುಚಿ ಎಲ್ಲಿಂದ ಬಂತಣ್ಣ?” ಶರಣ್ಯಾಗೆ ಗೊಂದಲವಾಯಿತು.

ಮೂರನೆಯದು ಇನ್ನೂ ವಿಚಿತ್ರ. ಸಿಹಿಯೇನೋ ಸಿಹಿ, ಆದರೆ ನಾಲಿಗೆಗಿಂತ ಮೂಗಿಗೇ ಹೆಚ್ಚು ಗೊತ್ತಾಗುವ ರುಚಿ. ಎಲ್ಲೋ ಮೂಸಿದ ಪರಿಮಳ. ಎಲ್ಲಿ? ಶರಣ್ಯಾಗೆ ನೆನಪಾಗಲೊಲ್ಲದು. ಚೈತ್ರ ಮಾತ್ರ ಗಟಗಟನೆ ಕುಡಿದು ಮುಗಿಸಿದಳು.

“ಸಖತ್ತಾಗಿದೆ! ಏನಿದು?”

“ಸೋತ್ರಾ? ಪನೀರ್ ಸೋಡಾ!”

ಚೈತ್ರ ಕರ್ಚೀಫ್ ಕಿತ್ತೆಸೆದಳು. “ಪನೀರಾ?”

ಅವಳಿಗೆ ಹಾಲು ಆಗುವುದಿಲ್ಲ. ಹೋದ ವರ್ಷ ಒಂದು ಚೂರು ಪನೀರ್ ತಿಂದು, ತುಟಿ ಊದಿಕೊಂಡು ಆಸ್ಪತ್ರೆಗೆ ಸೇರಿದ್ದಳು. ರೇವಂತ್ ಬಾಟಲಿ ಎತ್ತಿ ನೋಡಿದ. ಬಾಟಲಿಯ ಮೇಲೆ ಇಂಗ್ಲಿಷಿನ ದಪ್ಪ ಅಕ್ಷರಗಳಲ್ಲಿ ಪನೀರ್ ಎಂದೇ ಇತ್ತು.

“ಕುತ್ತಿಗೆ ಕೆರೀತಿದೆ ಕಣೇ,” ಎಂದಳು ಚೈತ್ರ.

ಪನೀರಿನ ರುಚಿ ಒಂದಿಷ್ಟೂ ಇರಲಿಲ್ಲವಲ್ಲ ಎಂದುಕೊಂಡಳು ಶರಣ್ಯಾ. ಆದರೆ ಹಣ್ಣಿಲ್ಲದೆ ಹಣ್ಣಿನ ರುಚಿ ಬರುವುದಾದರೆ, ರುಚಿಯೇ ಇಲ್ಲದೆ ಪನೀರ್ ಇರಬಹುದಲ್ಲವೇ? ತಲೆ ಗಿರ್ರೆಂದಿತು. ಅವಳು ಪಕ್ಕದ ಮನೆಗೆ ಓಡಿದಳು.

“ಆಂಟೀ, ಬೇಗ ಬನ್ನಿ!”

ಚೈತ್ರಳ ಅಮ್ಮ ಪ್ರಭಾ ಓಡೋಡಿ ಬಂದರು. ಮಗಳ ತುಟಿ, ಕುತ್ತಿಗೆ ನೋಡಿದರು. ಬಾಟಲಿಯನ್ನು ಕಣ್ಣಿನ ಹತ್ತಿರ ಹಿಡಿದು ಸಣ್ಣ ಅಕ್ಷರಗಳನ್ನು ಓದತೊಡಗಿದರು. ಗಲಾಟೆ ಕೇಳಿ ಹೊರಗೆ ಬಂದ ಶರಣ್ಯಾಳ ಅಜ್ಜಿ ಮುನಿತಾಯಮ್ಮ ಲೋಟ ಎತ್ತಿ ಮೂಸಿದರು.

“ಅಯ್ಯೋ, ಇದು ಪನ್ನೀರು ಕಣ್ರೋ! ಗುಲಾಬಿ ನೀರು. ಮದುವೆ ಮನೆ ಬಾಗಿಲಲ್ಲಿ ಚಿಮುಕಿಸ್ತಾರಲ್ಲ, ಅದು.”

“ಹೌದು, ಗುಲಾಬಿ ಫ್ಲೇವರ್ ಅಂತಲೇ ಇದೆ. ಹಾಲಿಂದು ಏನೂ ಇಲ್ಲ,” ಎಂದರು ಪ್ರಭಾ. ಆದರೂ ಎದ್ದು ಹೋಗಲಿಲ್ಲ. ಮಗಳ ಬೆನ್ನು ಸವರುತ್ತಾ ಬಹಳ ಹೊತ್ತು ಅಲ್ಲೇ ಕೂತರು. ಚೈತ್ರಳ ಕುತ್ತಿಗೆಯ ಮೇಲೆ ಅವಳದೇ ಉಗುರಿನ ಗೆರೆಗಳಿದ್ದವು, ಅಷ್ಟೇ.

ಪ್ರಭಾ ಮನೆಗೆ ಹೋದ ಮೇಲೆ ಶರಣ್ಯಾ ಉಸಿರುಬಿಟ್ಟಳು. “ನಂಗೆ ಎಷ್ಟು ಭಯ ಆಯ್ತು ಗೊತ್ತಾ!”

“ನಂಗೆ ಯಾವಾಗ್ಲೂ ಹಂಗೇ ಆಗುತ್ತೆ.”

“ಯಾವಾಗ್ಲೂ ಅಂದ್ರೆ?”

“ಬರ್ತ್‌ಡೇ ಪಾರ್ಟೀಲಿ, ಕ್ಲಾಸಲ್ಲಿ... ಯಾರಾದ್ರೂ ಏನಾದ್ರೂ ತಿನ್ನಕ್ಕೆ ಕೊಟ್ರೆ.”

ಅಷ್ಟರಲ್ಲಿ ಅಜ್ಜಿ ತಟ್ಟೆ ತುಂಬ ಚಕ್ಕುಲಿ ತಂದಿಟ್ಟರು.

ಚೈತ್ರ ಬಾಯಿ ತೆರೆಯುವ ಮೊದಲೇ ಶರಣ್ಯಾ ಕೇಳಿದಳು: “ಅಜ್ಜಿ, ಇದಕ್ಕೆ ಬೆಣ್ಣೆ ಹಾಕಿದ್ದೀಯಾ?”

“ಹ್ಞೂಂ ಮತ್ತೆ, ಚೆನ್ನಾಗೇ ಹಾಕಿದ್ದೀನಿ.”

ಶರಣ್ಯಾ ತಟ್ಟೆಯನ್ನು ಅಜ್ಜಿಯ ಕಡೆಗೆ ಮೆಲ್ಲನೆ ಸರಿಸಿದಳು.

“ಹಾಗಾದ್ರೆ ನಮ್ಮಿಬ್ರಿಗೂ ಬಾಳೆಹಣ್ಣು ಕೊಡು.”