ನಾಗವ್ವನ ಕಡೇ ಸಾಲು

“ಸೋನಾಲಿ, ನಳ ಬಂತು. ಪೈಪ್ ಹಿಡಿ ಬಾ.”

ಅವ್ವನ ದನಿ ಕೇಳಿ ಸೋನಾಲಿ ಎದ್ದು ಬಂದಳು. ಚೆಂಬೂರಿನ ಅವರ ಚಾಳಿಗೆ ಬೆಳಿಗ್ಗೆ ಇಪ್ಪತ್ತೇ ನಿಮಿಷ ನೀರು. ಇಷ್ಟು ದಿನ ಪೈಪ್ ಹಿಡಿಯುತ್ತಿದ್ದದ್ದು ಅಪ್ಪ ಗುರುಪಾದ. ಅಪ್ಪನನ್ನು ಮಣ್ಣು ಮಾಡಿ ಎಂಟು ದಿನವಾಗಿತ್ತು. ಊರಿಂದ ಬಂದ ನೆಂಟರೆಲ್ಲ ನಿನ್ನೆ ಹೊರಟುಹೋಗಿದ್ದರು.

ಡ್ರಮ್ ತುಂಬಿ ನೀರು ಹೊರಗೆ ಚೆಲ್ಲಿತು. ಅವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಪಕ್ಕದ ನಳದಲ್ಲಿ ಬಕೆಟ್ ಹಿಡಿದಿದ್ದ ಅಕ್ಷಯ ಅವಳ ಕ್ಲಾಸಿನವನು. “ಇವತ್ತು ಸ್ಕೂಲಿಗೆ ಬರ್ತಿಯಲ್ಲ? ಅಸೆಂಬ್ಲಿಯಲ್ಲಿ ನಿನ್ನ ಗಾನಾ ಹಾಕ್ತಾರೆ. ಟೀಚರ್ ನಿಂಗೋಸ್ಕರ ವೇಟ್ ಮಾಡಿದ್ರು,” ಎಂದ.

ಸೋನಾಲಿ ತಲೆಯಾಡಿಸಿದಳು. ಒಳಗೆ ಬಂದು ಗೋಡೆಯ ಗೂಡಿನತ್ತ ನೋಡಿದಳು. ಅಪ್ಪನ ಕನ್ನಡಕದ ಕೆಳಗೆ ಆ ಹಳೇ ವಹಿ ಹಾಗೇ ಇತ್ತು.

ಅದು ಪಕ್ಕದ ಮನೆಯ ನಾಗವ್ವನ ವಹಿ. ನಾಗವ್ವ ಕಟ್ಟಡಗಳಲ್ಲಿ ಉಸುಕು ಹೊರುತ್ತಾಳೆ. ಹೊರುತ್ತಲೇ ಹಾಡು ಕಟ್ಟುತ್ತಾಳೆ, ರಾತ್ರಿ ಆ ವಹಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿಡುತ್ತಾಳೆ. ಅಪ್ಪ ಸ್ಟೇಷನ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿದ್ದ. ಹಾಡುಗಳನ್ನು ಟೈಪ್ ಮಾಡಿ ನಾಗವ್ವನಿಗೊಂದು ಪುಸ್ತಕ ಮಾಡಿಕೊಡುತ್ತೇನೆಂದು ವಹಿಯನ್ನು ಕಡ ತಂದಿದ್ದ.

ಹಾಡು ಕಟ್ಟಿದವರು ಕಡೇ ಸಾಲಿನಲ್ಲಿ ತಮ್ಮ ಊರು, ಹೆಸರು ಹಾಕುವುದು ಅವರ ಊರ ಕಡೆಯ ರೂಢಿ. ನಾಗವ್ವನ ಎಲ್ಲ ಹಾಡುಗಳೂ ಹಾಗೇ ಮುಗಿಯುತ್ತಿದ್ದವು.

ಅಪ್ಪ ಇದ್ದಾಗಲೇ ಶಾಲೆಯಲ್ಲಿ ಎಐ ಪ್ರಾಜೆಕ್ಟ್ ಇತ್ತು. ಸೋನಾಲಿ ವಹಿಯ ಒಂದು ಹಾಡನ್ನು, ಸಾಲು ಕೊಟ್ಟರೆ ರಾಗ ಹಾಕಿ ಹಾಡುವ ಆ್ಯಪ್‌ಗೆ ಹಾಕಿದಳು. ಕಡೇ ಸಾಲಿಗೆ ಬಂದಾಗ ಬೆರಳು ನಿಂತಿತು. ನಾಗವ್ವನ ಹೆಸರಿದ್ದರೆ ಇದು ತನ್ನ ಪ್ರಾಜೆಕ್ಟ್ ಹೇಗಾಗುತ್ತದೆ? ಆ ಸಾಲನ್ನು ಅಳಿಸಿದಳು. ಒಂದೇ ನಿಮಿಷದಲ್ಲಿ ಆ್ಯಪ್ ಹಾಡಿತು. ಕೆಳಗೆ ‘ರಚನೆ: ಸೋನಾಲಿ’ ಎಂದು ಬರೆದು ಕಳಿಸಿದಳು. ಫಸ್ಟ್ ಬಂತು.

ಅಪ್ಪ ಆ ಹಾಡನ್ನು ಕೇಳಿದ್ದ. “ಚಲೋ ಐತಿ. ಕಡೇ ಸಾಲು ಎಲ್ಲಿ?”

“ಆ್ಯಪ್ ಬಿಟ್ಟುಬಿಡ್ತು ಅಪ್ಪಾ.”

ಅಪ್ಪ ಟೈಪ್ ಮಾಡಿ ತಂದಿದ್ದ ಹಾಳೆಗಳನ್ನು ಜೋಡಿಸುತ್ತಿದ್ದ. ಆಮೇಲೆ ಹೇಳಿದ. “ಮಂದಿ ಬರದದ್ದು ಮಷಿನ್ನಿಗೆ ಹಾಕಬೇಕಂದ್ರ ಅವರನ್ನ ಕೇಳಬೇಕೋ ಬ್ಯಾಡೋ ಅಂತ ದಿಲ್ಲಿ ಕೋರ್ಟಿನ್ಯಾಗ ಕೇಸ್ ನಡದೈತಿ.”

“ಕೋರ್ಟ್ ಏನು ಹೇಳ್ತು?”

“ಇನ್ನಾ ಹೇಳಿಲ್ಲ. ನಾವು ಅಲ್ಲೀತನಕ ಯಾಕ ಕಾಯೂದು? ನಾಗವ್ವ ಬಾಜೂ ಮನಿಯಾಗ ಅದಾಳ. ರವಿವಾರ ಹೋಗೂನು. ನೀನ ಹೇಳು.”

ಶನಿವಾರ ಅಪ್ಪ ಅಂಗಡಿಯಲ್ಲೇ ಕುಸಿದು ಬಿದ್ದ. ರವಿವಾರ ಮನೆ ತುಂಬ ಜನ.

ಸೋನಾಲಿ ವಹಿ ತೆಗೆದುಕೊಂಡು ಹೊರಗೆ ಬಂದಳು. ನಾಗವ್ವ ಬಾಗಿಲಲ್ಲಿ ಕುಳಿತು, ತಲೆಯ ಮೇಲಿಡುವ ಬಟ್ಟೆಯ ಸಿಂಬಿಯನ್ನು ಚೀಲಕ್ಕೆ ತುರುಕುತ್ತಿದ್ದಳು.

“ದೊಡ್ಡವ್ವಾ, ನಿಮ್ಮ ವಹಿ. ಅಪ್ಪ ತಗೊಂಡಿದ್ರು.”

“ಇದಕ್ಕೇನ ಅವಸರ ಇತ್ತವ್ವಾ?”

“ಹದಿನಾರು ಹಾಡು ಟೈಪ್ ಆಗ್ಯಾವ. ಒಳಗ ಪೇಪರ್ ಅದಾವ.”

ನಾಗವ್ವ ಹಾಳೆಗಳನ್ನು ತೆಗೆದಳು. ಪ್ರತಿ ಹಾಡಿನ ಕಡೇ ಸಾಲನ್ನೂ ಅಪ್ಪ ದಪ್ಪ ಅಕ್ಷರದಲ್ಲಿ ಹಾಕಿದ್ದ. ಅವಳು ಬೆರಳಿನಿಂದ ಅದನ್ನು ಮುಟ್ಟಿ ನೋಡಿದಳು.

ಸೋನಾಲಿ ಎಲ್ಲ ಹೇಳಿದಳು. ಪ್ರಾಜೆಕ್ಟ್, ಆ್ಯಪ್, ಫಸ್ಟ್ ಪ್ರೈಜ್. “ಆ್ಯಪ್ ಬಿಟ್ಟಿಲ್ಲ ದೊಡ್ಡವ್ವಾ. ನಿಮ್ಮ ಹೆಸರು ನಾನೇ ಡಿಲೀಟ್ ಮಾಡಿದೆ. ಅಪ್ಪಗ ಝೂಟ್ ಹೇಳಿದೆ.”

ನಾಗವ್ವ ಹಾಳೆಗಳನ್ನು ಮತ್ತೆ ವಹಿಯೊಳಗಿಟ್ಟಳು. “ಕೇಳಿದ್ರ ನಾ ಒಲ್ಲೆ ಅಂತಿದ್ದೆನೇನು?”

ಸೋನಾಲಿ ಇಲ್ಲವೆಂದು ತಲೆಯಾಡಿಸಿದಳು.

“ಎಲ್ಲಿ, ಆ ಹಾಡು ಹಚ್ಚು ನೋಡೂನು.”

ಸೋನಾಲಿ ಮನೆಯಿಂದ ಅವ್ವನ ಫೋನ್ ತಂದು ಹಾಡು ಹಾಕಿದಳು. ತಬಲಾ, ಕೊಳಲು, ಒಬ್ಬ ಹೆಂಗಸಿನ ಸಿಹಿ ದನಿ. ನಾಗವ್ವ ಕಿವಿಗೊಟ್ಟು ಕೇಳಿದಳು.

“ಹಾಡಿನ್ಯಾಗ ಹನ್ನೊಂದು ಮಾಳಿಗಿ ಹತ್ತಿದ್ರೂ ಈಕಿಗೆ ದಮ್ಮ ಹತ್ತವಲ್ದು ನೋಡು,” ಎಂದಳು.

ಸೋನಾಲಿಗೆ ನಗು ಬಂತು. ಕಣ್ಣಲ್ಲಿ ನೀರೂ ಬಂತು.

“ಈಗ ನೀ ಹಾಡು.”

ಸೋನಾಲಿ ತಡೆದು ತಡೆದು ಹಾಡಿದಳು.

“ಹನ್ನೊಂದು ಮಾಳಿಗಿ ಬುಟ್ಟಿ ಹೊತ್ತೇರೀನಿ
ಕಂಡೀತ ಕಡಲು ಕಣ್ತುಂಬ, ನಮ್ಮೂರ
ದಾರಿಯೊಂದ್ಯಾಕೊ ಕಾಣವಲ್ದು…”

ಅಲ್ಲಿಗೆ ನಿಂತಳು. ನಾಗವ್ವ ಮುಂದಿನ ಸಾಲು ಎತ್ತಿಕೊಡಲಿಲ್ಲ. ಕೆಲಸಕ್ಕೆ ಹೊತ್ತಾಗಿದ್ದರೂ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು.

ಕಡೇ ಸಾಲು ಎಲ್ಲಿ ಎಂದು ಕೇಳಿದ ದಿನ ಅಪ್ಪನೂ ಹೀಗೇ ಕುಳಿತಿದ್ದ. ಹಾಳೆಗಳು ಆಗಲೇ ಸರಿಯಾಗಿದ್ದವು. ಆದರೂ ಜೋಡಿಸುತ್ತಲೇ ಇದ್ದ. ತನ್ನ ಮಾತನ್ನು ನಂಬಿದ ಎಂದುಕೊಂಡಿದ್ದಳು ಸೋನಾಲಿ. ಅವಳೇ ನಿಜ ಹೇಳಲಿ ಎಂದು ಅಪ್ಪ ಕಾಯುತ್ತಿದ್ದನೇನೋ. ಇನ್ನು ಅವನನ್ನು ಕೇಳುವಂತಿರಲಿಲ್ಲ.

“ತಾಳಿಕೋಟಿ ನಾಗವ್ವ ಹೇಳ್ಯಾಳ,” ಸೋನಾಲಿ ಹಾಡಿ ಮುಗಿಸಿದಳು.

ನಾಗವ್ವ ವಹಿಯನ್ನು ಚೀಲದೊಳಗೆ, ಸಿಂಬಿಯ ಪಕ್ಕ ಇಟ್ಟುಕೊಂಡು ಎದ್ದಳು.

ಸೋನಾಲಿ ಯೂನಿಫಾರ್ಮ್ ಹಾಕಲು ಓಡಿದಳು. ಅಸೆಂಬ್ಲಿಗೆ ಮೊದಲೇ ಟೀಚರನ್ನು ಕಂಡು ಹಾಡು ಯಾರದೆಂದು ಹೇಳಬೇಕಿತ್ತು.