ಕರಿಹಂದಿ ಮಾಂಸ ಕೆಡಿಸಿದ ಪ್ರಕರಣ

ಡಿಸೆಂಬರ್ 8, ಸೋಮವಾರ, ಬೆಳಿಗ್ಗೆ 7:40ಕ್ಕೆ ಗಲ್ಫಿನ ಅಲ್ ಕುಸೈಸ್‌ನ ಪೊಲೀಸ್ ಠಾಣೆಗೆ ದೂರು ಬಂತು. ದೂರುದಾರ ಶರ್ವಿನ್, ಮಾಂಸದ ಗೋದಾಮಿನ ಮಾಲೀಕ. ಗಾಬರಿಗೆ ಅವನ ಇಂಗ್ಲಿಷೆಲ್ಲ ಹಾರಿಹೋಗಿತ್ತು. ಹಾಗಾಗಿ ಕನ್ನಡ ದುಭಾಷಿ ಪುರಂದರನಿಗೆ ಕರೆ ಹೋಯಿತು. ಉಡುಪಿ ಕಡೆಯ ಪುರಂದರ ಹದಿನಾರು ವರ್ಷಗಳಿಂದ ಊರವರ ಗೋಳನ್ನು ಅರಬ್ಬಿಗೆ ತಿರುಗಿಸಿ ತಿರುಗಿಸಿ ಹೈರಾಣಾದವನು.

“ಯಾರೋ ಕೋಲ್ಡ್ ರೂಮ್ ಆಫ್ ಮಾಡಿದ್ದಾರೆ. ಹಂದಿ ಮಾಂಸ ಪೂರಾ ಹಾಳು! ಗುಡ್ಡೆಯಲ್ಲಿ ಮೇಯಿಸಿ ಬೆಳೆಸಿದ ನಾಟಿ ಕರಿಹಂದಿ ಅದು. ಬೆಳ್ತಂಗಡಿಯ ಥಾಮಸ್ ಬಿಟ್ರೆ ಆ ತಳಿ ಯಾರ ಹತ್ರವೂ ಇಲ್ಲ. ನಾವು ಮಾಂಸ ತಕೊಂಡ್ರೆ ಮಾತ್ರ ಅವನಿಗೆ ಸಾಕ್ಲಿಕ್ಕೆ ಆಗುದು.”

“ಯಾರ ಮೇಲೆ ಸಂಶಯ?” ಲೆಫ್ಟಿನೆಂಟ್ ಸೈಫ್ ಕೇಳಿದ.

“ವಾಚ್‌ಮನ್ ಝಾಹಿದ್. ಅವನಿಗೆ ಹಂದಿ ಅಂದ್ರೆ ಆಗುದಿಲ್ಲ.”

9:15ಕ್ಕೆ ಸ್ಥಳ ಪಂಚನಾಮೆ ಶುರುವಾಯಿತು. ಇಲ್ಲಿ ಅದಕ್ಕೆ ಬೇರೆ ಹೆಸರಿದೆ, ಪುರಂದರನ ತಲೆಯಲ್ಲಿ ಮಾತ್ರ ಅದು ಇಂದಿಗೂ ಪಂಚನಾಮೆಯೇ. ಭಟ್ಕಳದ ಝಾಹಿದ್ ಬೆವರುತ್ತ ನಿಂತಿದ್ದ.

“ಆ ರೂಮಿಗೆ ನಾನು ಹೋಗುವುದೇ ಇಲ್ಲ ಸಾರ್. ಅದರ ಕೀ ನನ್ನ ಹತ್ರ ಇಲ್ಲ. ಗೇಟಿನ ಬುಕ್ ನೋಡಿ.”

ಭಾನುವಾರ ಒಳಗೆ ಹೋದವನು ಒಬ್ಬನೇ: ಮಾಂಸ ಕತ್ತರಿಸುವ ಗೇಬ್ರಿಯಲ್. ಬಂದದ್ದು ಮಧ್ಯಾಹ್ನ 1:50, ಹೋದದ್ದು 4:05. ಕೋಲ್ಡ್ ರೂಮಿನ ಯಂತ್ರ ನಿಂತದ್ದು 3:10ಕ್ಕೆ ಎಂದು ತಾಪಮಾನದ ದಾಖಲೆ ಹೇಳಿತು. ಝಾಹಿದನ ಮೇಲಿನ ಸಂಶಯ ಅಲ್ಲಿಗೆ ಮುಗಿಯಿತು.

ಒಳಗೆ ಮೂಗು ಬಿಡುವಂತಿರಲಿಲ್ಲ. ಉಳಿದದ್ದೆಲ್ಲ ಕತ್ತರಿಸಿ ಕ್ರೇಟಿಗೆ ತುಂಬಿದ್ದರೂ ಆರು ಹಂದಿಗಳು ಹಾಗೇ ಕೊಕ್ಕೆಯಲ್ಲಿ ತೂಗುತ್ತಿದ್ದವು. “ಇವನ್ನು ಯಾಕೆ ಬಿಟ್ಟ?” ಎಂದ ಸೈಫ್. ಪುರಂದರ ಬಗ್ಗಿ ನೋಡಿದ. ಚೀಟಿಯಲ್ಲಿ ‘ಗಂಡು, ಎಂಟು ತಿಂಗಳು’ ಎಂದಿತ್ತು. ಆರೂ ಹೆಣ್ಣು. ಒಂದರ ಮೊಲೆಗಳು ಬಾತಿದ್ದವು, ಚಾಕು ತಾಗಿದಲ್ಲಿ ಹಾಲು ಹೆಪ್ಪುಗಟ್ಟಿತ್ತು.

11:30ಕ್ಕೆ ಗೇಬ್ರಿಯಲ್‌ನ ರೂಮು. ಅವನು ಓಡಲಿಲ್ಲ, ಹಾಸಿಗೆಯಿಂದ ಏಳಲೂ ಇಲ್ಲ.

“ಕೋಲ್ಡ್ ರೂಮ್ ಆಫ್ ಮಾಡಿದ್ದು?”

“ನಾನೇ.”

“ಯಾಕೆ?”

“ಥಾಮಸ್ ನನ್ನ ಅಣ್ಣ, ಸಾರ್. ಕ್ರಿಸ್ಮಸ್ ಆರ್ಡರಿಗೆ ಗಂಡು ಸಾಕಾಗ್ಲಿಲ್ಲ ಅಂತ ತಳಿಗೆ ಇಟ್ಟ ಹೆಣ್ಣನ್ನೇ ಕಡಿದು ಕಳಿಸಿದ್ದಾನೆ. ಹದಿನೇಳಿತ್ತು, ಈಗ ಹನ್ನೊಂದು. ಗುರುವಾರದ ವಿಮಾನಕ್ಕೆ ಅದ್ರಲ್ಲೂ ಆರು. ಮತ್ತೆ ಎಂತ ಉಳಿತದೆ?”

“ಮಾಲೀಕನಿಗೆ ಹೇಳಲಿಲ್ಲವೇ?”

“ಕಾಲು ಹಿಡಿದೆ. ಆರ್ಡರ್ ಅಂದ್ರೆ ಆರ್ಡರ್ ಅಂದ್ರು. ಅಣ್ಣನೂ ಕೇಳ್ಲಿಲ್ಲ. ಈ ಮಾಂಸ ಹಾಳಾದ್ರೆ ನಷ್ಟಕ್ಕೆ ಹೆದರಿ ಗುರುವಾರದ್ದು ನಿಲ್ಲಿಸ್ತಾರೆ ಅಂತ ಗ್ರಹಿಸಿದೆ. ಅಷ್ಟೇ ಸಾರ್.”

12:20ಕ್ಕೆ ಬಂಧನ.

ಮಂಗಳವಾರ ಬೆಳಿಗ್ಗೆ 10 ಗಂಟೆಗೆ ಊರಿಗೆ ಒಂದು ಫೋನ್ ಮಾಡಲು ಗೇಬ್ರಿಯಲ್‌ಗೆ ಅನುಮತಿ ಸಿಕ್ಕಿತು. ಅವರ ಮನೆಮಾತು ಕೊಂಕಣಿ ಪುರಂದರನಿಗೆ ಬಾರದು, ಆದ್ದರಿಂದ ಅಣ್ಣತಮ್ಮಂದಿರು ಕನ್ನಡದಲ್ಲೇ ಮಾತಾಡಬೇಕು, ಸ್ಪೀಕರ್ ಹಾಕಿ.

“ನೀನೇ ಮಾಡಿದ್ದು ಅಂತ ಗೊತ್ತಾಗಿ ಶರ್ವಿನ್ ನಿನ್ನೆಯೇ ಕಂಟ್ರಾಕ್ಟ್ ಕ್ಯಾನ್ಸಲ್ ಮಾಡಿದ,” ಎಂದ ಥಾಮಸ್.

“ಒಳ್ಳೇದಾಯ್ತು ಅಣ್ಣ! ಹನ್ನೊಂದು ಉಳಿಯಿತಲ್ಲ.”





“ತಕೊಳ್ಳುವವರೇ ಇಲ್ಲದೆ ಅವನ್ನು ಎಂತಕ್ಕೆ ಸಾಕುದು, ಗಾಬ್ರು? ತೌಡಿಗೆ ದುಡ್ಡು ಎಲ್ಲಿಂದ ತರುದು? ಮಾಂಸದಂಗಡಿಯವ ತಿಂಗಳಿಂದ ಕೇಳ್ತಿದ್ದ. ಹನ್ನೊಂದನ್ನೂ ನಿನ್ನೆ ಸಂಜೆ ಲಾರಿಗೆ ಹತ್ತಿಸಿದೆ.”

“ವಾಪಸ್ ತಾ ಅಣ್ಣ! ಅವನಿಗೆ ಫೋನ್ ಮಾಡು, ಒಂದೆರಡಾದ್ರೂ...”

“ಬೆಳಿಗ್ಗೆಯೇ ಕಡಿದಾಯ್ತು ಮಾರಾಯ.”

ಗೇಬ್ರಿಯಲ್ ಮೇಜಿಗೆ ಹಣೆ ಹಚ್ಚಿದ. ಪುರಂದರ ಎಲ್ಲವನ್ನೂ ಅರಬ್ಬಿಯಲ್ಲಿ ಹೇಳಿ ಮುಗಿಸಿದ. ಸೈಫ್ ವರದಿಯಲ್ಲಿ ಕೃತ್ಯದ ಉದ್ದೇಶವನ್ನು ಬರೆದ: ‘ಹನ್ನೊಂದು ಹೆಣ್ಣು ಹಂದಿಗಳನ್ನು ಉಳಿಸುವುದಕ್ಕಾಗಿ.’

ಬರೆದದ್ದನ್ನು ಆರೋಪಿಗೆ ಅವನ ಭಾಷೆಯಲ್ಲಿ ಓದಿ ಹೇಳಿದ ನಂತರವೇ ಸಹಿ. ಪುರಂದರ ಓದಿ ಹೇಳಿದ. ಗೇಬ್ರಿಯಲ್ ಸಹಿ ಹಾಕಿದ.